ಕೊಟ್ಟವನ ಹೆಸರುಂಟು, ಕಟ್ಟಿದವನದಿಲ್ಲ

ಫ್ಲಾರೆನ್ಸಿನ ಪಾಟ್ಸಿ ಚಾಪೆಲ್ ಕಟ್ಟಿದವರು ಯಾರು ಎಂದು ವಾಸ್ತುಶಿಲ್ಪದ ಇತಿಹಾಸ ಓದಿದವರನ್ನು ಕೇಳಿದರೆ ಫಿಲಿಪ್ಪೊ ಬ್ರುನೆಲೆಸ್ಕಿ ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಪಠ್ಯಪುಸ್ತಕಗಳಲ್ಲಿ ಬಹುಕಾಲ ಹಾಗೇ ಅಚ್ಚಾಗಿದೆ, ಪಕ್ಕದಲ್ಲಿ ‘ಸುಮಾರು 1430’ ಎಂಬ ಇಸವಿಯೂ ಇರುತ್ತದೆ. ಪುನರುಜ್ಜೀವನ ಕಾಲದ ಕಟ್ಟಡವೆಂದರೆ ಹೇಗಿರುತ್ತದೆ ಎಂದು ತೋರಿಸಲು ಮೇಷ್ಟ್ರುಗಳು ತೆಗೆಯುವ ಚಿತ್ರಗಳಲ್ಲಿ ಇದೂ ಒಂದು: ಬಿಳಿ ಗೋಡೆ, ಅದರ ಮೇಲೆ ಬೂದುಕಲ್ಲಿನ ಗೆರೆಗಳು, ಮೇಲೆ ಹನ್ನೆರಡು ಪಕ್ಕೆಗಳ ಗುಮ್ಮಟ. ಹಾಗೆಂದು ಯಾವ ಕಾಗದ ಹೇಳುತ್ತದೆ ಎಂದು ಒಂದು ಮರುಪ್ರಶ್ನೆ ಹಾಕಿ ನೋಡಿ, ಉತ್ತರ ತೊದಲತೊಡಗುತ್ತದೆ.

ನಾನು ಇಲ್ಲಿ ಹೊಸ ದಾಖಲೆ ಪತ್ತೆ ಮಾಡಿಲ್ಲ. ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ವಿದ್ವಾಂಸರು ಒಂದೊಂದಾಗಿ ಹೊರತೆಗೆದ ತೆರಿಗೆ ಪತ್ರ, ಕರಾರು, ಗಾರೆಯ ಮೇಲಿನ ಬರಹ ಇವನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಪ್ರತಿಯೊಂದೂ ನಿಜಕ್ಕೂ ಎಷ್ಟು ಹೇಳುತ್ತದೆ, ಎಷ್ಟನ್ನು ನಾವು ಅದರ ಬಾಯಿಗೆ ತುರುಕಿದ್ದೇವೆ ಎಂದು ನೋಡಿದ್ದೇನೆ. ಹಾಗೆ ನೋಡಿದಾಗ ಈ ಪುಟ್ಟ ಕಟ್ಟಡದ ಕಥೆ ಪಠ್ಯಪುಸ್ತಕದ್ದಕ್ಕಿಂತ ಬಹಳ ಬೇರೆಯಾಗಿ ಕಾಣುತ್ತದೆ.

ಮೊದಲು ಜಾಗದ ಪರಿಚಯ. ಸಾಂತಾ ಕ್ರೋಚೆ ಫ್ಲಾರೆನ್ಸಿನಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ದೊಡ್ಡ ಚರ್ಚು. ಮೈಕೆಲೇಂಜೆಲೊ, ಗೆಲಿಲಿಯೊ ಇವರ ಸಮಾಧಿಗಳಿರುವುದು ಇಲ್ಲೇ. ಆ ಚರ್ಚಿನ ದಕ್ಷಿಣಕ್ಕೆ ಕೈಸಾಲೆ ಸುತ್ತುವರಿದ ಅಂಗಳವೊಂದಿದೆ. ಅದರ ಕೊನೆಯಲ್ಲಿ ಆರು ಕಂಬಗಳ ಮುಖಮಂಟಪ ಹೊತ್ತು ನಿಂತಿರುವುದೇ ಪಾಟ್ಸಿ ಚಾಪೆಲ್. ಹೆಸರು ಚಾಪೆಲ್ ಎಂದಿದ್ದರೂ ಇದು ಹುಟ್ಟಿದ್ದು ಮಠದ ಸಭಾಮಂದಿರವಾಗಿ. ಸನ್ಯಾಸಿಗಳು ಇಲ್ಲಿ ಕೂಡಿ ತಮ್ಮ ಸಂಘದ ನಿಯಮಾವಳಿಯ ಅಧ್ಯಾಯ ಓದಿಸಿ ಕೇಳುತ್ತಿದ್ದರು, ಎಲ್ಲರೆದುರು ತಪ್ಪೊಪ್ಪಿಕೊಳ್ಳುತ್ತಿದ್ದರು, ಮಠದ ವ್ಯವಹಾರ ತೀರ್ಮಾನಿಸುತ್ತಿದ್ದರು. ಒಳಗೆ ಗೋಡೆಯುದ್ದಕ್ಕೂ ಓಡುವ ಕಲ್ಲಿನ ಜಗಲಿ ಅದಕ್ಕಾಗಿಯೇ ಇರುವುದು. ಚಾಪೆಲಿನ ಅರೆಗಂಬಗಳು ನೆಲದಿಂದಲ್ಲ, ಈ ಜಗಲಿಯ ಮೇಲಿನಿಂದ ಏಳುತ್ತವೆ. ಬಂದವರಲ್ಲಿ ಹೆಚ್ಚಿನವರು ತಲೆಯೆತ್ತಿ ಗುಮ್ಮಟ ನೋಡಿಕೊಂಡು ಹೋಗುತ್ತಾರೆ; ಕಟ್ಟಡದ ಉದ್ದೇಶ ತಿಳಿಯಬೇಕಾದರೆ ಕಣ್ಣು ಮೊಣಕಾಲಿನ ಮಟ್ಟಕ್ಕೆ ಇಳಿಯಬೇಕು.

ಇನ್ನು ಕಾಗದಪತ್ರ. 1423ರಲ್ಲಿ ಸಾಂತಾ ಕ್ರೋಚೆಯ ಮಠಕ್ಕೆ ಬೆಂಕಿ ಬಿದ್ದು ಸನ್ಯಾಸಿಗಳ ಮಲಗುವ ಕಟ್ಟಡ ಸುಟ್ಟುಹೋಯಿತು. ಮಠವನ್ನು ಮತ್ತೆ ಕಟ್ಟಿಸಲು ಊರಿನ ಹಣವಂತರು ಒಂದೊಂದು ಭಾಗ ವಹಿಸಿಕೊಂಡರು. ಸಭಾಮಂದಿರದ ಖರ್ಚು ತನ್ನದು ಎಂದು 1429ರಲ್ಲಿ ಒಪ್ಪಿಕೊಂಡವನು ಆಂಡ್ರಿಯಾ ಪಾಟ್ಸಿ, ಹಳೆಯ ಮನೆತನದ ಬ್ಯಾಂಕರ್. ಚಾಪೆಲ್ ಇರುವುದು ಸಂತ ಆಂಡ್ರ್ಯೂವಿನ ಹೆಸರಿನಲ್ಲಿ, ಅಂದರೆ ಕೊಟ್ಟವನ ಹೆಸರಿನ ಸಂತನಿಗೇ ಅರ್ಪಣೆ. ‘ಸುಮಾರು 1430’ ಎಂಬ ಇಸವಿ ಬಂದಿರುವುದು ಈ ಒಪ್ಪಂದದಿಂದ. ಆದರೆ ದುಡ್ಡು ಕೊಡುತ್ತೇನೆ ಎಂದು ಮಾತು ಕೊಡುವುದು ಬೇರೆ, ಗೋಡೆ ಏಳುವುದು ಬೇರೆ.

ಆ ಎರಡರ ನಡುವಿನ ಅಂತರ ಬಯಲಾಗುವುದು ತೆರಿಗೆ ಕಡತಗಳಲ್ಲಿ. ಮಿಲಾನಿನ ಜೊತೆಗಿನ ಯುದ್ಧದಲ್ಲಿ ಬೊಕ್ಕಸ ಬರಿದಾದಾಗ ಫ್ಲಾರೆನ್ಸ್ 1427ರಲ್ಲಿ ಕತಾಸ್ತೊ ಎಂಬ ತೆರಿಗೆ ಪದ್ಧತಿ ತಂದಿತು. ಪ್ರತಿ ಮನೆಯ ಯಜಮಾನ ತನ್ನ ಜಮೀನು, ಮನೆ, ವ್ಯಾಪಾರ, ಸರ್ಕಾರಿ ಸಾಲಪತ್ರ, ಬರಬೇಕಾದ ಬಾಕಿ, ಕೊಡಬೇಕಾದ ಸಾಲ ಎಲ್ಲವನ್ನೂ ಬರೆದು ಒಪ್ಪಿಸಬೇಕು. ಮನೆಯಲ್ಲಿ ಉಣ್ಣುವ ಬಾಯಿ ಎಷ್ಟು, ಯಾರ ವಯಸ್ಸು ಎಷ್ಟು ಎಂಬುದೂ ಬೇಕು; ಏಕೆಂದರೆ ತಲೆಯೊಂದಕ್ಕೆ 200 ಫ್ಲೊರಿನ್ ವಿನಾಯಿತಿ. ಕಳೆದುಳಿದ ಆಸ್ತಿಯ ಮೇಲೆ ನೂರಕ್ಕೆ ಅರ್ಧದಂತೆ ತೆರಿಗೆ. ಬ್ರುನೆಲೆಸ್ಕಿಯೂ ಹೀಗೆ ಪತ್ರ ಬರೆದು ಕೊಟ್ಟಿದ್ದಾನೆ, ಅಂದಿನ ಚಿತ್ರಕಾರರೂ ಶಿಲ್ಪಿಗಳೂ ಕೊಟ್ಟಿದ್ದಾರೆ. ತೆರಿಗೆ ಅಧಿಕಾರಿಗೆ ಬರೆಯುವವರು ತಮ್ಮ ಹೊರೆಯನ್ನು ಸಾಧ್ಯವಾದಷ್ಟು ಎತ್ತಿ ತೋರಿಸುತ್ತಾರೆ, ಇದು ಎಲ್ಲ ಕಾಲದ ಮಾತು. ದಾನದ ಬಾಧ್ಯತೆಯೂ ಒಂದು ಹೊರೆಯೇ. 1433ರ ಹೊತ್ತಿಗೆ ಆಂಡ್ರಿಯಾನ ತೆರಿಗೆ ಪತ್ರದಲ್ಲಿ ಸಭಾಮಂದಿರ ಕಾಣಿಸಿಕೊಳ್ಳುವುದು ಹೀಗೆ. ಅದು ಇನ್ನೂ ಕಟ್ಟಡವಲ್ಲ, ಕೊಡಬೇಕಾದ ಹಣ ಮಾತ್ರ.

ಕೆಲಸ ನಿಜಕ್ಕೂ ಶುರುವಾಯಿತೆಂದು ಕಾಗದ ಹೇಳುವುದು 1442ರ ಹೊತ್ತಿಗೆ. ಪಠ್ಯಪುಸ್ತಕದ ಇಸವಿಗಿಂತ ಇದು ಒಂದು ದಶಕ ಈಚೆ.

ಇಲ್ಲೊಂದು ಎಚ್ಚರಿಕೆ ಬೇಕು. ಫ್ಲಾರೆನ್ಸಿನ ಹಳೆಯ ಪತ್ರಗಳಲ್ಲಿ ವರ್ಷ ಜನವರಿಗೆ ತಿರುಗುವುದಿಲ್ಲ. ನಮ್ಮ ಯುಗಾದಿಯ ಹಾಗೆ ಅಲ್ಲಿಯೂ ಹೊಸ ವರ್ಷ ವಸಂತದಲ್ಲೇ, ಮಾರ್ಚ್ 25ನೆಯ ತಾರೀಖಿನ ಮಂಗಳವಾರ್ತೆಯ ಹಬ್ಬದಂದು ಬರುತ್ತಿತ್ತು. ಈ ಲೆಕ್ಕ ಬದಲಾದದ್ದು 1750ರಲ್ಲಿ. ಆದ್ದರಿಂದ ಪತ್ರದಲ್ಲಿ ‘1442ರ ಜನವರಿ’ ಎಂದಿದ್ದರೆ ನಾವು ಅದನ್ನು 1443 ಎಂದು ಓದಬೇಕು. ಪೋಪ್ ನಾಲ್ಕನೆಯ ಯುಜೀನಿಯಸ್ ಸಾಂತಾ ಕ್ರೋಚೆಗೆ ಬಂದು ಚರ್ಚನ್ನು ಪ್ರತಿಷ್ಠಾಪಿಸಿದ್ದು ಅಂಥದೇ ಒಂದು ಜನವರಿಯಲ್ಲಿ, ಈಗಿನ ಲೆಕ್ಕದ 1443ರಲ್ಲಿ. ಆ ಭೇಟಿಯಲ್ಲಿ ಪಾಟ್ಸಿಗಳ ಸಭಾಮಂದಿರದ ಮೇಲಿನ ಕೋಣೆಯಲ್ಲಿ ಅವರು ಊಟ ಮಾಡಿದರೆಂಬ ಉಲ್ಲೇಖವಿದೆ.

ಇದನ್ನು ಹಿಡಿದು, ಅಷ್ಟು ಹೊತ್ತಿಗೆ ಕಟ್ಟಡ ಮುಗಿಯುತ್ತ ಬಂದಿತ್ತು ಎಂದವರಿದ್ದಾರೆ. ನನಗೆ ಆ ವಾದ ನಿಲ್ಲುವಂತೆ ಕಾಣುವುದಿಲ್ಲ. ಇಂದಿನ ಸಭಾಮಂದಿರದ ಮೇಲಿರುವುದು ಗುಮ್ಮಟ ಮತ್ತು ಕಮಾನು ಚಾವಣಿ, ಅದರ ಮೇಲೆ ಊಟಕ್ಕೆ ಎಲೆ ಹಾಕಲು ಜಾಗವಿಲ್ಲ. ಪೋಪ್ ಉಂಡ ಕೋಣೆ ಹಳೆಯ ಕಟ್ಟಡದ್ದೋ ಪಕ್ಕದ ಭಾಗದ್ದೋ ಆಗಿರಬೇಕು. ಆ ಊಟದಿಂದ ಗುಮ್ಮಟದ ವಯಸ್ಸು ಹೇಳಲಾಗದು.

ಎರಡು ಸಾವುಗಳನ್ನು ಈಗ ಪಟ್ಟಿಗೆ ಸೇರಿಸಬೇಕು. 1445ರಲ್ಲಿ ಆಂಡ್ರಿಯಾ ತೀರಿಕೊಂಡ. ಕಟ್ಟಡದ ಹೊರೆ ಮಕ್ಕಳಾದ ಆಂಟೋನಿಯೊ, ಪಿಯೆರೊ, ಯಾಕೊಪೊ ಇವರ ಮೇಲೆ ಬಿತ್ತು. 1446ರ ಏಪ್ರಿಲ್ 15ರಂದು ಬ್ರುನೆಲೆಸ್ಕಿ ತೀರಿಕೊಂಡ. ಅಲ್ಲಿಯವರೆಗಿನ ಯಾವ ಪತ್ರದಲ್ಲೂ ಅವನ ಹೆಸರೂ ಈ ಸಭಾಮಂದಿರವೂ ಜೊತೆಯಾಗಿ ಬಂದಿಲ್ಲ. ದಾಖಲೆಗಳೇ ಉಳಿಯದ ಕಾಲವಲ್ಲ ಅದು. ಊರಿನ ಮಹಾಚರ್ಚಿನ ಗುಮ್ಮಟವನ್ನು 1420ರಿಂದ 1436ರವರೆಗೆ ಅವನು ಏರಿಸಿದ್ದಕ್ಕೆ ನಿರ್ಮಾಣ ಮಂಡಳಿಯ ಲೆಕ್ಕದ ಪುಸ್ತಕಗಳಿವೆ; ಇಟ್ಟಿಗೆ, ಮರ, ಕೂಲಿ, ಸಂಬಳ ಎಲ್ಲ ಅದರಲ್ಲಿ ಸಿಗುತ್ತವೆ. 1419ರಲ್ಲಿ ಆರಂಭವಾದ ಅನಾಥ ಮಕ್ಕಳ ಆಸ್ಪತ್ರೆಗೆ ರೇಷ್ಮೆ ವರ್ತಕರ ಸಂಘದ ಲೆಕ್ಕವಿದೆ, ಅದರಲ್ಲಿ ಅವನ ಹೆಸರಿದೆ. ಪಾಟ್ಸಿಗಳ ಲೆಕ್ಕದಲ್ಲಿ ಅವನಿಗೆ ಒಂದು ಫ್ಲೊರಿನ್ ಸಂದಾಯವಾದ ನಮೂದೂ ಸಿಕ್ಕಿಲ್ಲ.

ಹಾಗಾದರೆ ಹೆಸರು ಅಂಟಿಕೊಂಡದ್ದು ಹೇಗೆ? ಅದನ್ನು ಗಟ್ಟಿಯಾಗಿ ಮೊಳೆ ಹೊಡೆದವನು ಜಾರ್ಜೊ ವಸಾರಿ. ಕಲಾವಿದರ ಜೀವನಚರಿತ್ರೆಗಳ ಅವನ ಗ್ರಂಥ ಮೊದಲು ಬಂದದ್ದು 1550ರಲ್ಲಿ, ವಿಸ್ತರಿಸಿದ ಆವೃತ್ತಿ 1568ರಲ್ಲಿ. ಪಾಟ್ಸಿ ಮನೆತನಕ್ಕಾಗಿ ಬ್ರುನೆಲೆಸ್ಕಿ ಸಾಂತಾ ಕ್ರೋಚೆಯ ಸಭಾಮಂದಿರದ ಮಾದರಿ ಮಾಡಿದ ಎಂದು ಅವನು ಒಂದು ಮಾತು ಹೇಳಿ ಮುಂದೆ ಹೋಗುತ್ತಾನೆ. ಮಾತು ಇರುವುದು ಮಾದರಿಯ ಬಗ್ಗೆ. ನಿಂತು ಕಟ್ಟಿಸಿದ ಬಗ್ಗೆ ಅಲ್ಲ. ಬ್ರುನೆಲೆಸ್ಕಿ ಸತ್ತು ನೂರು ವರ್ಷದ ಮೇಲೆ ಬಂದ ಪುಸ್ತಕ, ಅದೂ ಊರಿನ ಹಿರಿಮೆಯನ್ನು ಸಾರಲು ಹೊರಟವನ ಪುಸ್ತಕ. ವಸಾರಿ ಸುಳ್ಳ ಎನ್ನುತ್ತಿಲ್ಲ. ಆದರೆ ಒಂದು ಊರಿನಲ್ಲಿ ಒಬ್ಬ ಮಹಾಶಿಲ್ಪಿ ಇದ್ದ ಮೇಲೆ, ಅವನ ಕಾಲದ ಒಳ್ಳೆಯ ಕಟ್ಟಡಗಳೆಲ್ಲ ಕ್ರಮೇಣ ಅವನ ಖಾತೆಗೆ ಜಮೆಯಾಗುವುದು ಹೊಸದೇನಲ್ಲ.

ದೊಡ್ಡ ತಿರುವು ಬಂದದ್ದು 1962ರಲ್ಲಿ, ಕಾಗದದಿಂದಲ್ಲ, ಗಾರೆಯಿಂದ. ಲಾಸ್ಕಿ, ರೊಸೆಲ್ಲಿ, ರೊಸ್ಸಿ ಎಂಬ ಮೂವರು ಇಟಲಿಯ ಸಂಶೋಧಕರು ಕಟ್ಟಡವನ್ನೇ ಅಳೆದು, ಹತ್ತಿ, ಕೆದಕಿ ನೋಡಿ ತಮ್ಮ ವರದಿ ಪ್ರಕಟಿಸಿದರು. ದೊಡ್ಡ ಗುಮ್ಮಟದ ಗಾರೆಯ ಮೇಲೆ ಒಂದು ತಾರೀಖು ಇತ್ತು: 1459ರ ಅಕ್ಟೋಬರ್ 11. ಮುಖಮಂಟಪದ ಚಿಕ್ಕ ಗುಮ್ಮಟದ ಮೇಲೆ ಇನ್ನೊಂದು: 1461ರ ಜೂನ್ 10. ಕೆಲಸ ಮುಗಿಸಿದವರು ಹಸಿ ಗಾರೆಯಲ್ಲಿ ಬಿಟ್ಟ ಗುರುತು. ಶಾಸನ ಓದಿ ಅಭ್ಯಾಸವಿರುವ ನಮಗೆ ಇಂಥ ಸಾಕ್ಷಿಯ ತೂಕ ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಗುಮ್ಮಟ ಮುಗಿದಾಗ ಬ್ರುನೆಲೆಸ್ಕಿ ತೀರಿಕೊಂಡು ಹದಿಮೂರು ವರ್ಷ, ಮುಖಮಂಟಪದ್ದು ಮುಗಿದಾಗ ಹದಿನೈದು ವರ್ಷ ಕಳೆದಿತ್ತು.

ಇಷ್ಟಾದ ಮೇಲೂ ಒಂದು ವಾದ ಉಳಿದುಕೊಳ್ಳುತ್ತದೆ: ನಕ್ಷೆ ಅವನದು, ಕೈಗಳು ಬೇರೆಯವರವು. ಇದನ್ನು ಕಾಗದದಿಂದ ಪರೀಕ್ಷಿಸಲಾಗದು, ಕಟ್ಟಡವನ್ನೇ ಓದಬೇಕು.

ಹೋಲಿಸಿ ನೋಡಲು ಸಿಗುವುದು ಸಾನ್ ಲೊರೆಂಜೊ ಚರ್ಚಿನ ಹಳೆಯ ಪೂಜಾಸಾಮಗ್ರಿ ಕೋಣೆ. ಮೆಡಿಚಿ ಮನೆತನದ ಜೊವಾನ್ನಿಗಾಗಿ ಬ್ರುನೆಲೆಸ್ಕಿ 1420ರ ದಶಕದಲ್ಲಿ ಕಟ್ಟಿದ್ದು ಅದು. ಘನಾಕೃತಿಯ ಕೋಣೆ, ಮೇಲೆ ಹನ್ನೆರಡು ಪಕ್ಕೆಗಳ ಗುಮ್ಮಟ, ಸುತ್ತ ದುಂಡು ಕಿಟಕಿಗಳು, ಒಂದು ಬದಿಗೆ ಬಲಿಪೀಠದ ಪುಟ್ಟ ಚೌಕ ಕೋಣೆ, ಅದಕ್ಕೂ ಒಂದು ಚಿಕ್ಕ ಗುಮ್ಮಟ. ಪಾಟ್ಸಿ ಚಾಪೆಲಿನಲ್ಲಿ ಇದೆಲ್ಲವೂ ಹಾಗೆಯೇ ಇದೆ. ಗುಮ್ಮಟದ ಎರಡೂ ಪಕ್ಕಕ್ಕೆ ಕಮಾನು ಚಾವಣಿಯ ಪಟ್ಟಿಗಳು ಸೇರಿ ಚೌಕವು ಆಯತವಾಗಿದೆ, ಒಳಗೆ ಸುಮಾರು 18 ಮೀಟರಿಗೆ 11 ಮೀಟರು. ಹೀಗೆ ಅಗಲವಾದ ಆಯತ, ಅದರ ಮಗ್ಗುಲಿಗೆ ಬಲಿಪೀಠದ ಕೋಣೆ, ಇದು ಮಠದ ಸಭಾಮಂದಿರಗಳಿಗೆ ಹೊಸದಲ್ಲ. ಅದೇ ಊರಿನ ಸಾಂತಾ ಮರಿಯಾ ನೊವೆಲ್ಲಾದಲ್ಲಿ ಡೊಮಿನಿಕನ್ನರ ಹದಿನಾಲ್ಕನೆಯ ಶತಮಾನದ ಸಭಾಮಂದಿರದ ವಿನ್ಯಾಸವೂ ಇದೇ ಜಾಡಿನದು. ಅಂದರೆ ಮಠದ ಹಳೆಯ ರೂಢಿಗೆ ಮೆಡಿಚಿ ಕೋಣೆಯ ಹೊಸ ವೇಷ ತೊಡಿಸಿದ್ದಾರೆ. ಆ ಕೆಲಸಕ್ಕೆ ಬ್ರುನೆಲೆಸ್ಕಿಯೇ ಬೇಕಿತ್ತೆಂದಿಲ್ಲ, ಅವನ ಕೆಲಸವನ್ನು ಚೆನ್ನಾಗಿ ಬಲ್ಲವನು ಸಾಕಿತ್ತು.

ಒಳಗಿನ ಸೊಗಸನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಸುಣ್ಣದ ಬಿಳುಪಿನ ಮೇಲೆ ಪಿಯೆತ್ರಾ ಸೆರೆನಾ ಎಂಬ ನೀಲಿ ಬೂದುಬಣ್ಣದ ಕಲ್ಲಿನ ಅರೆಗಂಬಗಳೂ ಕಮಾನುಗಳೂ ಲೆಕ್ಕ ಬಿಡಿಸಿದಷ್ಟು ನಿಚ್ಚಳವಾಗಿ ನಿಂತಿವೆ. ಅವುಗಳ ನಡುವೆ ಲೂಕಾ ಡೆಲ್ಲಾ ರೊಬ್ಬಿಯಾ ಮಾಡಿದ ಹನ್ನೆರಡು ಪ್ರೇಷಿತರ ದುಂಡು ಫಲಕಗಳು, ಮೆರುಗು ಹಚ್ಚಿದ ಸುಟ್ಟಮಣ್ಣಿನವು, ನೀಲಿಯ ಮೇಲೆ ಬಿಳಿ. ಗುಮ್ಮಟವನ್ನು ಹೊರುವ ನಾಲ್ಕು ಮೂಲೆಗಳಲ್ಲಿ ನಾಲ್ವರು ಸುವಾರ್ತಾಕಾರರು, ಇವರು ಮಾತ್ರ ಬಹುವರ್ಣದವರು. ಇವರನ್ನು ಮಾಡಿದವರು ಯಾರೆಂಬುದರ ಮೇಲೂ ಜಗಳವಿದೆ: ಬ್ರುನೆಲೆಸ್ಕಿ, ಡೊನಾಟೆಲ್ಲೊ, ಲೂಕಾ, ಮೂರು ಹೆಸರೂ ಓಡಾಡುತ್ತವೆ.

ಬಲಿಪೀಠದ ಮೇಲಿನ ಚಿಕ್ಕ ಗುಮ್ಮಟದೊಳಗೆ ರಾಶಿ ನಕ್ಷತ್ರಗಳ ಆಕಾಶ ಬರೆದಿದೆ. ಸಾನ್ ಲೊರೆಂಜೊದಲ್ಲಿ ಇರುವುದೂ ಇದೇ ಆಕಾಶ. ಗ್ರಹಸ್ಥಿತಿ ಲೆಕ್ಕ ಹಾಕಿದವರು ಅದು 1442ರ ಜುಲೈ ಮೊದಲ ವಾರದ ಆಕಾಶ ಎನ್ನುತ್ತಾರೆ. ಅದೇ ಬೇಸಿಗೆಯಲ್ಲಿ ನೇಪಲ್ಸ್ ಕಳೆದುಕೊಂಡ ರಾಜ ರೆನೆ ಫ್ಲಾರೆನ್ಸಿಗೆ ಬಂದಿದ್ದ, ಆಂಡ್ರಿಯಾ ಪಾಟ್ಸಿ ಅವನಿಗೆ ಆಪ್ತನಾಗಿದ್ದ ಎಂಬುದನ್ನು ಇದಕ್ಕೆ ಗಂಟು ಹಾಕುವವರಿದ್ದಾರೆ. ಗಂಟು ಚೆನ್ನಾಗಿದೆ. ಆದರೆ ಹೀಗೆ ಸಿಗುವುದು ಆಕಾಶದ ತಾರೀಖು, ಅದನ್ನು ಬರೆದ ಕುಂಚದ್ದಲ್ಲ. ಹಳೆಯ ಚಿತ್ರವನ್ನು ನೋಡಿ ನಕಲು ಮಾಡಿದವನು ಹಳೆಯ ಆಕಾಶವನ್ನೇ ಬರೆಯುತ್ತಾನೆ.

ಕಟ್ಟಡ ತಡವರಿಸುವ ಜಾಗಗಳೂ ಇವೆ. ಒಳಗೆ ಮೂಲೆಗಳಲ್ಲಿ ಅರೆಗಂಬ ಪೂರ್ತಿ ಹಿಡಿಯದೆ ಸೀಳಿನಷ್ಟು ಮಾತ್ರ ಇಣುಕುತ್ತದೆ. ಹೊರಗೆ ಮುಖಮಂಟಪದ ಆರು ಕೊರಿಂಥಿಯನ್ ಕಂಬಗಳು, ನಡುವೆ ಎದ್ದ ಕಮಾನು, ಅದರ ಇಕ್ಕೆಲದ ಕಲ್ಲಿನ ಫಲಕಗಳ ಪಟ್ಟಿ, ಜೋಡಿ ಅರೆಗಂಬಗಳು ಇವೆಲ್ಲ ನೋಡಲು ಚೆಂದ; ಹಿಂದಿನ ಗೋಡೆಗೂ ಅದಕ್ಕೂ ಹೊಂದಿಕೆ ಮಾತ್ರ ಸಾಲದು. ಮೇಲ್ಭಾಗ ಮುಗಿಯದೆ ಉಳಿದು ಅದರ ಮೇಲೊಂದು ಮಾಡು ಇಳಿಸಿದ್ದಾರೆ. ಒಂದೇ ಯೋಚನೆಯಲ್ಲಿ ಹುಟ್ಟಿದ ಕಟ್ಟಡ ಇದಲ್ಲ ಎಂದು ಮೊದಲ ನೋಟಕ್ಕೇ ಅನ್ನಿಸುವುದು ಈ ಮುಖಮಂಟಪದಿಂದ.

ಅಮೆರಿಕದ ವಾಸ್ತು ಇತಿಹಾಸಕಾರ ಮಾರ್ವಿನ್ ಟ್ರಾಕ್ಟೆನ್‌ಬರ್ಗ್ ಈ ಗೊಣಗಾಟಗಳನ್ನೆಲ್ಲ ಒಟ್ಟುಗೂಡಿಸಿ 1996ರಲ್ಲಿ ಇಟಲಿಯ ‘ಕಾಸಾಬೆಲ್ಲಾ’ ಪತ್ರಿಕೆಯಲ್ಲಿ ನೇರವಾಗಿಯೇ ಬರೆದರು: ಪಾಟ್ಸಿ ಚಾಪೆಲ್ ಬ್ರುನೆಲೆಸ್ಕಿಯದಲ್ಲ. ಅವರು ಮುಂದಿಟ್ಟ ಹೆಸರು ಮಿಕೆಲೊಟ್ಸೊ. ಮೆಡಿಚಿಗಳ ನೆಚ್ಚಿನ ವಾಸ್ತುಶಿಲ್ಪಿಯಾದ ಅವನು ಕೊಸಿಮೊ ಮೆಡಿಚಿಯ ಖರ್ಚಿನಲ್ಲಿ ಸಾಂತಾ ಕ್ರೋಚೆಯಲ್ಲೇ ನವಶಿಷ್ಯರ ಚಾಪೆಲ್ ಕಟ್ಟಿದ್ದ, ಮಠದ ಜಾಗ ಬಲ್ಲವನು. ಮೆಡಿಚಿಗಳ ಶಿಲ್ಪಿ ಪಾಟ್ಸಿಗಳಿಗೆ ಕೆಲಸ ಮಾಡುವುದೇ ಎಂದು ಯಾರಾದರೂ ಹುಬ್ಬೇರಿಸಬಹುದು. ಮುಂದೆ ನಡೆದ ರಕ್ತಪಾತದ ನೆರಳಲ್ಲಿ ಹಾಗೆ ಅನ್ನಿಸುತ್ತದೆ ಅಷ್ಟೆ. ಗುಮ್ಮಟ ಮುಗಿದ 1459ರಲ್ಲೇ ಆಂಡ್ರಿಯಾನ ಮೊಮ್ಮಗ ಗುಲ್ಯೆಲ್ಮೊ ಪಾಟ್ಸಿ ಮತ್ತು ಕೊಸಿಮೊನ ಮೊಮ್ಮಗಳು ಬಿಯಾಂಕಾ ಮೆಡಿಚಿಯ ಮದುವೆಯಾಯಿತು. ಗುಮ್ಮಟ ಏರುವ ಕಾಲಕ್ಕೆ ಇವು ಬೀಗರ ಮನೆಗಳು.

ಇನ್ನೊಂದು ಹೆಸರು ಬರುವುದು ಆ ಬೀಗತನ ಮುರಿದ ಮೇಲಿನ ದಾಖಲೆಗಳಿಂದ. 1478ರ ಏಪ್ರಿಲ್ 26, ಭಾನುವಾರ, ಮಹಾಚರ್ಚಿನ ಪೂಜೆಯ ನಡುವೆ ಪಾಟ್ಸಿಗಳೂ ಅವರ ಸಂಗಡಿಗರೂ ಮೆಡಿಚಿ ಸೋದರರ ಮೇಲೆ ಬಿದ್ದರು. ಜೂಲಿಯಾನೊ ಸತ್ತ, ಲೊರೆಂಜೊ ಉಳಿದುಕೊಂಡ. ಆಂಡ್ರಿಯಾನ ಮಗ ಯಾಕೊಪೊವನ್ನು ಹಿಡಿದು ಕೊಂದರು. ಸಾಂತಾ ಕ್ರೋಚೆಯಲ್ಲಿ ಹೂಳಿದ್ದ ಅವನ ಹೆಣವನ್ನು ಅಗೆದು ತೆಗೆದು, ಊರಿನ ಹುಡುಗರು ಬೀದಿಯಲ್ಲಿ ಎಳೆದಾಡಿ ಕೊನೆಗೆ ಆರ್ನೊ ನದಿಗೆ ಎಸೆದರು. ಮನೆತನದ ಹೆಸರನ್ನೂ ಲಾಂಛನವನ್ನೂ ಊರಿಂದ ಅಳಿಸಬೇಕೆಂದು ಆಜ್ಞೆಯಾಯಿತು, ಆಸ್ತಿ ಮುಟ್ಟುಗೋಲಾಯಿತು, ಚಾಪೆಲಿನ ಕೆಲಸವೂ ನಿಂತಿತು. ಆದರೂ ಬೆನ್ನಿಗೆ ಬೆನ್ನು ಕೊಟ್ಟ ಎರಡು ಡಾಲ್ಫಿನ್‌ಗಳ ಪಾಟ್ಸಿ ಲಾಂಛನ ಮುಖಮಂಟಪದ ಚಿಕ್ಕ ಗುಮ್ಮಟದಲ್ಲಿ ಲೂಕಾನ ಮೆರುಗಿನ ನಡುವೆ ಇವತ್ತಿಗೂ ಇದೆ.

ಆಸ್ತಿ ಮುಟ್ಟುಗೋಲಾದರೆ ಸಾಲ ಕೊಟ್ಟವರು ಸಾಲು ಹಿಡಿಯುತ್ತಾರೆ, ಗುಮಾಸ್ತರು ಬರೆದುಕೊಳ್ಳುತ್ತಾರೆ. ಹೀಗೆ ಪಾಟ್ಸಿಗಳಿಂದ ಬರಬೇಕಾದ ಬಾಕಿ ಕೇಳಿದವರಲ್ಲಿ ಜೂಲಿಯಾನೊ ದಾ ಮಯಾನೊ ಇದ್ದಾನೆ. ಮರಗೆಲಸದಿಂದ ವಾಸ್ತುಶಿಲ್ಪಕ್ಕೆ ಬಂದವನು. ಇದನ್ನು ನೋಡಿ ಚಾಪೆಲ್ ಅವನದೇ, ಕನಿಷ್ಠ ಮುಖಮಂಟಪ ಅವನದು ಎಂದವರಿದ್ದಾರೆ. ಬಾಕಿಯ ನಮೂದು ಅಷ್ಟು ದೂರ ಹೋಗುವುದಿಲ್ಲ. ಪಾಟ್ಸಿಗಳಿಗೆ ಅವನು ಕೆಲಸ ಮಾಡಿಕೊಟ್ಟಿದ್ದ ಎಂಬುದು ಖಚಿತ. ಚಾಪೆಲಿನ ಕೆತ್ತನೆಯ ಬಾಗಿಲುಗಳು ಅವನವೆಂದು ಹಲವರು ಒಪ್ಪುತ್ತಾರೆ. ಬಾಗಿಲು ಮಾಡಿದವನಿಗೆ ಗುಮ್ಮಟವನ್ನೂ ಬರೆದುಕೊಡುವುದು ನ್ಯಾಯವಲ್ಲ. ಮಿಕೆಲೊಟ್ಸೊ ವಿಷಯದಲ್ಲೂ ನನ್ನ ಅಭಿಪ್ರಾಯ ಇದೇ. ಶೈಲಿಯಿಂದ ಎತ್ತಿದ ವಾದ ಬ್ರುನೆಲೆಸ್ಕಿಯನ್ನು ಕೆಳಗಿಳಿಸುವಷ್ಟು ಗಟ್ಟಿ, ಇನ್ನೊಬ್ಬನನ್ನು ಕೂರಿಸುವಷ್ಟು ಅಲ್ಲ.

ಟ್ರಾಕ್ಟೆನ್‌ಬರ್ಗ್ ಮುಂದೆ 2010ರ ತಮ್ಮ ಪುಸ್ತಕದಲ್ಲಿ ಹೇಳುವ ವಿಚಾರ ನನಗೆ ಹೆಚ್ಚು ಹಿಡಿಸಿತು. ಹಿಂದಿನವರು ಕಟ್ಟಡವನ್ನು ಒಮ್ಮೆ ನಕ್ಷೆ ಬರೆದು ಮುಗಿಸುವ ವಸ್ತುವೆಂದು ಭಾವಿಸುತ್ತಿರಲಿಲ್ಲ. ದಶಕಗಟ್ಟಲೆ ಕಟ್ಟುತ್ತಲೇ ಯೋಚಿಸುತ್ತಿದ್ದರು, ಯೋಚಿಸುತ್ತಲೇ ಬದಲಿಸುತ್ತಿದ್ದರು. ನಕ್ಷೆಯೊಂದಕ್ಕೆ ಒಬ್ಬನೇ ಒಡೆಯ ಎಂಬುದು ಈಚಿನ ಭಾವನೆ. 1429ರ ಮಾತು, 1442ರ ಕೆಲಸ, 1459ರ ಗುಮ್ಮಟ, 1461ರ ಮುಖಮಂಟಪ, 1478ರ ನಿಲುಗಡೆ: ಈ ತಾರೀಖುಗಳನ್ನು ಹೀಗೆ ಸಾಲಾಗಿ ಇಟ್ಟಾಗ ಒಬ್ಬ ಶಿಲ್ಪಿಯ ಹೆಸರು ಕೇಳುವುದೇ ತಪ್ಪಾದ ಪ್ರಶ್ನೆಯೇನೋ ಅನ್ನಿಸುತ್ತದೆ.

ಹೊಸ ಕಾಗದ ಸಿಗಲಾರದೇ? ಸಿಗಬಹುದು. ಆದರೆ 1966ರ ನವೆಂಬರ್ 4ರಂದು ಆರ್ನೊ ಉಕ್ಕಿ ಹರಿದಾಗ ಸಾಂತಾ ಕ್ರೋಚೆಯ ಆವರಣ ಮುಳುಗಿತು, ಚಾಪೆಲಿನೊಳಗೂ ಕೆಸರು ನೀರು ನುಗ್ಗಿತು. ಪಕ್ಕದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಲಕ್ಷಾಂತರ ಪುಸ್ತಕಗಳು ಎಣ್ಣೆ ಬೆರೆತ ಕೆಸರಲ್ಲಿ ನೆಂದವು. ಆಗ ಉಫೀಜಿ ಕಟ್ಟಡದಲ್ಲಿದ್ದ ಸರ್ಕಾರಿ ಪತ್ರಾಗಾರದ ಕೆಳ ಅಂತಸ್ತಿಗೂ ನೀರು ಬಂದಿತ್ತು. 1980ರ ದಶಕದ ಕೊನೆಗೆ ಅದನ್ನು ಬೇರೆ ಕಟ್ಟಡಕ್ಕೆ ಸಾಗಿಸಿದರು. ಕಲ್ಲಿಗೆ ಆದ ಹಾನಿಯನ್ನು ರಿಪೇರಿ ಮಾಡಬಹುದು. ಮುಖಮಂಟಪವನ್ನೇ 2014ರಲ್ಲಿ ಅಂತರ್ಜಾಲದ ಮೂಲಕ ಜನರಿಂದ ವಂತಿಗೆ ಎತ್ತಿ ಶುಚಿಗೊಳಿಸುವ ಕೆಲಸಕ್ಕೆ ಕೈಹಾಕಿದರು. ಕರಗಿಹೋದ ಶಾಯಿಗೆ ಅಂಥ ವಂತಿಗೆ ಎತ್ತಲು ಬರುವುದಿಲ್ಲ.

ಈಗಿರುವ ಸಾಕ್ಷಿಯ ಮೇಲೆ ಪಠ್ಯಪುಸ್ತಕದ ಚಿತ್ರದ ಕೆಳಗೆ ಬರೆಯಬಹುದಾದದ್ದು ಇಷ್ಟು: ಪಾಟ್ಸಿ ಚಾಪೆಲ್, ಸಾಂತಾ ಕ್ರೋಚೆ, ಫ್ಲಾರೆನ್ಸ್. ಆಂಡ್ರಿಯಾ ಪಾಟ್ಸಿ ಮತ್ತು ಅವನ ಮಕ್ಕಳ ಖರ್ಚಿನಲ್ಲಿ ಸುಮಾರು 1442ರಿಂದ ಕಟ್ಟಿದ್ದು; ಗುಮ್ಮಟ 1459, ಮುಖಮಂಟಪದ ಗುಮ್ಮಟ 1461; ಪೂರ್ತಿಯಾಗಿಲ್ಲ. ಬ್ರುನೆಲೆಸ್ಕಿಯ ಶೈಲಿಯನ್ನು ಅನುಸರಿಸಿದ್ದು, ಶಿಲ್ಪಿ ಯಾರೆಂಬುದಕ್ಕೆ ದಾಖಲೆಯಿಲ್ಲ.